ಆಜ್ಞೆ ಹೊರಟಿತು, ವಿಮಾನ ಮರಳಲಿಲ್ಲ

2025ನೆಯ ಇಸವಿಯ ಮಾರ್ಚ್ 15ರ ಸಂಜೆ, ಅಮೆರಿಕದ 1798ರಷ್ಟು ಹಳೆಯದಾದ ಶತ್ರುದೇಶೀಯರ ಕಾಯಿದೆಯನ್ನು ಮುಂದೊಡ್ಡಿ ವೆನಿಜುವೆಲಾದವರನ್ನು ಗಡೀಪಾರು ಮಾಡಲು ಹೊರಟ ವಿಮಾನಗಳನ್ನು ಹಿಂದಕ್ಕೆ ಕರೆಸಬೇಕೆಂದು ವಾಷಿಂಗ್ಟನ್ನಿನ ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಅವರು ಸರಕಾರದ ವಕೀಲರಿಗೆ ಬಾಯಿಮಾತಿನಲ್ಲಿಯೇ ಆಜ್ಞಾಪಿಸಿದರು. ವಿಮಾನಗಳು ಮರಳಲಿಲ್ಲ, ಇನ್ನೂರಕ್ಕೂ ಮಿಗಿಲಾದ ಜನರು ಎಲ್ ಸಾಲ್ವಡಾರಿನ ಸೆಕಾಟ್ ಎಂಬ ಮಹಾಕಾರಾಗೃಹವನ್ನು ಹೊಕ್ಕರು. ಆಜ್ಞೆಯನ್ನು ಮೀರಿದೆವೆಂದು ಟ್ರಂಪ್ ಸರಕಾರ ಒಪ್ಪಿತೇ? ಇಲ್ಲ. ತರುವಾಯ ಬಂದ ಲಿಖಿತ ಆದೇಶದಲ್ಲಿ ವಿಮಾನ ಹಿಂತಿರುಗಿಸುವ ಮಾತಿಲ್ಲ, ಬಾಯಿಮಾತು ತನ್ನನ್ನು ಬಂಧಿಸದು, ವಿಮಾನಗಳು ಆಗಲೇ ದೇಶದ ಎಲ್ಲೆಯನ್ನು ದಾಟಿದ್ದವು ಎಂದು ವಾದಿಸಿತು. ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವುದೆಂದರೆ ಇದೇ.

ನ್ಯಾಯಾಲಯವನ್ನು ಬಹಿರಂಗವಾಗಿ ಧಿಕ್ಕರಿಸುವ ಸರಕಾರವನ್ನು ಪ್ರಜೆಗಳು ಗುರುತಿಸಬಲ್ಲರು; ವಿಧೇಯತೆಯ ವೇಷ ತೊಟ್ಟು ಕಾಲಹರಣ ಮಾಡುವ ಸರಕಾರವನ್ನು ಗುರುತಿಸುವುದು ದುಸ್ತರ. ಅದೇ ದಿನ ಕಳುಹಲ್ಪಟ್ಟ ಮೇರಿಲ್ಯಾಂಡ್ ನಿವಾಸಿಯೊಬ್ಬನನ್ನು ಎಲ್ ಸಾಲ್ವಡಾರಿಗೆ ಅಟ್ಟಕೂಡದೆಂದು 2019ರಲ್ಲಿಯೇ ಆದೇಶವಿದ್ದಿತು. ಆಡಳಿತದ ಪ್ರಮಾದವಾಯಿತೆಂದು ಸರಕಾರವೇ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತ್ತು. ಅವನ ಬಿಡುಗಡೆಗೆ ಅನುವು ಮಾಡಿಕೊಡಬೇಕೆಂದು 2025ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೂ, ಅನ್ಯದೇಶದ ಸೆರೆಯಲ್ಲಿರುವವನನ್ನು ತಾನು ಹೇಗೆ ತಂದೀತು ಎಂದು ಕೈಚೆಲ್ಲಿ ಕುಳಿತ ಸರಕಾರ, ಅವನನ್ನು ಕರೆತಂದುದು ಜೂನ್ 6ರಂದು, ಅದೂ ಹೊಸ ಅಪರಾಧದ ಆರೋಪವೊಂದನ್ನು ಹೊರಿಸಿ!

ಬೋಸ್‌ಬರ್ಗರ ಆದೇಶವನ್ನು ಸುಪ್ರೀಂ ಕೋರ್ಟು 5-4ರ ಬಹುಮತದಿಂದ ತೆಗೆದುಹಾಕಿತಲ್ಲ ಎಂದು ಸರಕಾರದ ಪಕ್ಷಪಾತಿಗಳು ಕೇಳುವುದುಂಟು. ನಿಜ, ಬಂಧಿತರು ತಾವಿರುವ ಪ್ರಾಂತದ ನ್ಯಾಯಾಲಯದಲ್ಲಿಯೇ ದಾವೆ ಹೂಡಬೇಕಿತ್ತೆಂಬುದು ಅದರ ಅಭಿಪ್ರಾಯ. ಆದರೆ ಗಡೀಪಾರಿಗೆ ಮುನ್ನ ತಿಳಿವಳಿಕೆಯ ನೋಟೀಸು ಕೊಟ್ಟು, ಪ್ರಶ್ನಿಸಲು ಅವಕಾಶ ನೀಡಲೇಬೇಕೆಂದೂ ಅದೇ ಪೀಠ ವಿಧಿಸಿತು. ಅಲ್ಲದೆ, ಮೇಲಿನ ನ್ಯಾಯಾಲಯ ರದ್ದುಪಡಿಸುವವರೆಗೆ ತಪ್ಪು ಆದೇಶವೂ ಆದೇಶವೇ. ಇದು ನಮ್ಮ ಮುನ್ಸೀಫ್ ಕೋರ್ಟಿನ ಮುಂದೆ ನಿಲ್ಲುವ ರೈತನಿಗೂ ತಿಳಿದ ವಿಷಯ.

ನ್ಯಾಯಾಧೀಶರಿಗೆ ಸ್ವಂತ ಸೈನ್ಯವಿಲ್ಲ. ಅವರ ಆಜ್ಞೆಯನ್ನು ಜಾರಿಗೊಳಿಸುವ ಮಾರ್ಷಲರು ಸಹ ಕಾರ್ಯಾಂಗದ ನ್ಯಾಯ ಇಲಾಖೆಗೇ ಅಧೀನರು. 1957ರಲ್ಲಿ ನ್ಯಾಯಾಲಯದ ಆದೇಶದಂತೆ ಲಿಟ್ಲ್ ರಾಕ್ ಪಟ್ಟಣದ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸಲು ಅಂದಿನ ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನು ಕಳುಹಿದರು. ಶಾಲೆಗಳಲ್ಲಿನ ವರ್ಣಭೇದವನ್ನು ರದ್ದುಪಡಿಸಿದ ತೀರ್ಪಿನ ವಿಷಯದಲ್ಲಿ ಅವರಿಗೆ ವಿಶೇಷ ಉತ್ಸಾಹವಿರಲಿಲ್ಲವಾದರೂ ನ್ಯಾಯಾಲಯದ ಮಾತು ನಡೆಯಬೇಕೆಂಬುದರಲ್ಲಿ ಸಂದೇಹವಿರಲಿಲ್ಲ. ಇಂದು ಆ ಸಂದೇಹವೇ ಸರಕಾರದ ವಕಾಲತ್ತಾಗಿದೆ. ಸೆಕಾಟಿನಲ್ಲಿದ್ದ 252 ವೆನಿಜುವೆಲನರು 2025ರ ಜುಲೈ 18ರಂದು ಬಿಡುಗಡೆ ಹೊಂದಿದರು. ಅದು ಯಾವ ನ್ಯಾಯಾಲಯದ ಆದೇಶದಿಂದಲೂ ಆದುದಲ್ಲ, ವೆನಿಜುವೆಲಾ ಬಿಟ್ಟುಕೊಟ್ಟ 10 ಮಂದಿ ಅಮೆರಿಕನರಿಗೆ ಪ್ರತಿಯಾಗಿ ಆದ ಸೆರೆಯಾಳುಗಳ ವಿನಿಮಯದಿಂದ.