ಗೈಡ್ ಮುಚ್ಚಿ, ಪುಸ್ತಕ ತೆಗೀರಿ (ಭಾಗ 3)

ಬಟ್ಟೆ ಬಿಟ್ಟವಳು ಮೈಯನ್ನು ಕೂದಲಿಂದ ಯಾಕೆ ಮುಚ್ಚಿಕೊಂಡೆ? ಶೂನ್ಯಸಂಪಾದನೆಯಲ್ಲಿ ಅಲ್ಲಮ ಅಕ್ಕಮಹಾದೇವಿಗೆ ಹೀಗೆ ಮುಖಕ್ಕೇ ಕೇಳ್ತಾನೆ. ಅವಳೂ ಬಿಡಲ್ಲ, ಮಾತಿಗೆ ಮಾತು ಕೊಡ್ತಾಳೆ. ಅವನು ಬಳ್ಳಿಗಾವಿಯವನು, ಅವಳು ಉಡುತಡಿಯವಳು. ಇಬ್ರೂ ನಮ್ಮ ಶಿಕಾರಿಪುರದ ಕಡೆಯವರೇ!

ಅದೇ ವಾದ ನಮ್ಮ ಬಿಕಾಂ ಕನ್ನಡ ಕ್ಲಾಸಿಗೆ ಬಂದ್ರೆ? "ಅಕ್ಕನ ವೈರಾಗ್ಯ ವಿವರಿಸಿ, 5 ಅಂಕ, ಬರ್ಕೊಳ್ಳಿ." ಕೊನೆಗೆ "ಡೌಟ್ ಇದ್ಯಾ?" ಇದಕ್ಕೆ ಚರ್ಚೆ ಅಂತ ಹೆಸರು.

ಮೊನ್ನೆ ಭದ್ರಾವತಿ–ಶಿವಮೊಗ್ಗ ಬಸ್ಸಲ್ಲಿ ನಾವು ಮೂವರು ಆ ಪುಟ ತೆಗೆದ್ವಿ. ಅಕ್ಕ ಸೋತಳು ಅಂದ್ಲು ಒಬ್ಳು. ಯಾವ ಸಾಲಲ್ಲಿ, ತೋರ್ಸು ಅಂದೆ. ಹುಡುಕಿ ಹುಡುಕಿ, ವಿದ್ಯಾನಗರ ಬರೋ ಹೊತ್ತಿಗೆ ಅವಳೇ ಮಾತು ಬದಲಿಸಿದ್ಲು. (ನನ್ನ ವಾದಕ್ಕೂ ಸಾಲು ಸಿಕ್ಕಿರ್ಲಿಲ್ಲ, ಅದು ಬೇರೆ ವಿಷ್ಯ.)

ವೋಚರ್ ಇಲ್ಲದ ಎಂಟ್ರಿ ಒಪ್ಪದ ನಾವು ಸಾಲಿಲ್ಲದ ಅಭಿಪ್ರಾಯ ಹೇಗೆ ಒಪ್ತೀವಿ ಹೇಳಿ?

ಸಿಲೆಬಸ್ ಮುಗೀಬೇಕು ಅಂತೀರಿ ಸರ್. ಒಂದು ವಚನ, ಗೈಡಲ್ಲಿ ಉತ್ತರ ಇಲ್ಲದ ಒಂದು ಪ್ರಶ್ನೆ, ಹತ್ತೇ ನಿಮಿಷ. ಯಾರು ಏನೇ ಹೇಳಿದ್ರೂ "ಯಾವ ಸಾಲು?" ಅಂತಷ್ಟೇ ಕೇಳಿ. ಮೊದಮೊದಲು ನಾವು ತುಟಿ ಬಿಚ್ಚಲ್ಲ, ನಿಜ. ಸ್ವಲ್ಪ ಕಾಯಿರಿ, ಉತ್ತರ ನೀವೇ ಹೇಳ್ಬಿಡ್ಬೇಡಿ.

ಮತ್ತೆ ನೀವು ಫ್ರೆಂಡ್ಸ್, ನೋಟ್ಸಿನ ಫೋಟೋ ಹೊಡ್ಕೊಳ್ಳೋದು ಬಿಟ್ಟು ನಾಳೆ ಪುಸ್ತಕ ತನ್ನಿ. ನಾನು ಹಿಂದಿನ ಬೆಂಚಲ್ಲೇ ಇರ್ತೀನಿ.