ಉತಾರವಿಲ್ಲದವರ ಹೆಸರನ್ನೂ ಬರೆಸಿರಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಬಂಧುಗಳೇ,

ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸರ್ಕಾರ ಮುಂದಾಗಿದೆ. 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗಲಿದೆ. ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹೊಲ ಕಳೆದುಕೊಳ್ಳುವವರಿಗೆ ಇದು ನ್ಯಾಯವಾಗಿ ಸಲ್ಲಬೇಕಾದ ಹಣ; ಒಂದು ಪೈಸೆಯೂ ಕಡಿಮೆಯಾಗಬಾರದು. ಆದರೆ ಇದೆಲ್ಲ ಎಕರೆಯ ಲೆಕ್ಕ. ಎಕರೆಯೇ ಇಲ್ಲದವರ ಗತಿಯೇನು?

ಅದೇ ಹೊಲದಲ್ಲಿ ಕಬ್ಬು ಕಡಿದವರು, ಲಾವಣಿ ಹಿಡಿದು ಬಿತ್ತಿದವರು, ಬಡಿಗರು, ಕಮ್ಮಾರರು, ಬಾಡಿಗೆ ಜಾಗದಲ್ಲಿ ಮಗ್ಗ ಹೂಡಿದ ನೇಕಾರರು, ಕಳೆ ಕಿತ್ತು ಮಕ್ಕಳನ್ನು ಸಾಕಿದ ತಾಯಂದಿರು – ಇವರ ಹೆಸರು ಯಾವ ಉತಾರದಲ್ಲೂ (ಪಹಣಿಯಲ್ಲೂ) ಇಲ್ಲ. ಊರು ಮುಳುಗಿದರೆ ಇವರ ಅನ್ನವೂ ಮುಳುಗುತ್ತದೆ.

1978ರಿಂದ, ಆಲಮಟ್ಟಿಯೂ ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕಿನ ಸಾಲ ಬಂತು. ಕಟ್ಟೆ, ಕಾಲುವೆಗಳ ಕೆಲಸ ಓಡಿತು. ಪುನರ್ವಸತಿ ಹಿಂದೆ ಬಿತ್ತು. ಇದೇ ಕಾರಣಕ್ಕೆ 1992ರಲ್ಲಿ ಒಮ್ಮೆ, 1995ರಲ್ಲಿ ಮತ್ತೊಮ್ಮೆ ಬ್ಯಾಂಕು ಹಣ ತಡೆಹಿಡಿಯಿತು. ನಮ್ಮವರ ಪಾಲು ನಮ್ಮವರಿಗೆ ಮುಟ್ಟಿತೇ ಎಂದು ಕೇಳಲು ಪರದೇಶದ ಬ್ಯಾಂಕು ಬೇಕಾಯಿತಲ್ಲ! ಈ ಸಲ ಆ ಪ್ರಶ್ನೆಯನ್ನು ನಾವೇ ಕೇಳೋಣ.

2013ರ ಭೂಸ್ವಾಧೀನ ಕಾಯ್ದೆ ಹೊಲವಿಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸ್ವಾಧೀನಕ್ಕೆ ಮುನ್ನ ಮೂರು ವರ್ಷ ಅಲ್ಲೇ ದುಡಿದು ಬದುಕಿದ ಕೃಷಿ ಕೂಲಿಕಾರರು, ಗೇಣಿದಾರರು, ಪಾಲಿಗೆ ಮಾಡುವವರು, ಕುಶಲಕರ್ಮಿಗಳೂ ಅದರ ಕಣ್ಣಿಗೆ ಸಂತ್ರಸ್ತ ಕುಟುಂಬಗಳೇ. ಆದರೆ ಯಾರ ಹೊಲದಲ್ಲಿ ಯಾರು ದುಡಿದರೆಂದು ಸಮೀಕ್ಷೆಗೆ ಬಂದ ಅಧಿಕಾರಿಗೆ ತಿಳಿಯದು. ನಿಮಗೆ ತಿಳಿದಿದೆ.

ಹೊಲದ ಒಡೆಯರೇ, ಗ್ರಾಮಸಭೆಯಲ್ಲಿ ಎದ್ದುನಿಂತು ಅವರ ಪರ ಸಾಕ್ಷಿ ಹೇಳಿರಿ. ಅಂಜಬೇಡಿರಿ, ಅವರು ಕೇಳುವುದು ಪುನರ್ವಸತಿಯ ಹಕ್ಕು, ನಿಮ್ಮ ಪರಿಹಾರದಲ್ಲಿ ಪಾಲಲ್ಲ. ಪಂಚಾಯಿತಿ ಸದಸ್ಯರೇ, ಸಂತ್ರಸ್ತರ ಪಟ್ಟಿಯನ್ನು ಕೇರಿಕೇರಿಗೆ ಹೋಗಿ ಗಟ್ಟಿಯಾಗಿ ಓದಿಸಿರಿ; ಬಿಟ್ಟುಹೋದ ಹೆಸರು ಅಲ್ಲೇ ಸೇರಲಿ. ಕಲಿತ ಹುಡುಗರೇ, ಹುಡುಗಿಯರೇ, ದಲ್ಲಾಳಿ ಅವರ ಬಾಗಿಲಿಗೆ ಬರುವ ಮೊದಲು ನೀವು ಹೋಗಿ ಅರ್ಜಿ ಬರೆದುಕೊಡಿರಿ.

ಸರ್ಕಾರದ ಹಾದಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಹಣ, ಬೆವರು ಎರಡನ್ನೂ ಕೂಡಿಸಿ 1989ರಲ್ಲಿ ಚಿಕ್ಕಪಡಸಲಗಿಯ ಶ್ರಮಬಿಂದು ಸಾಗರ ಬ್ಯಾರೇಜನ್ನು ಕಟ್ಟಿದ ರೈತರ ನೆಲ ಇದು. ಕೂಡಿ ಕಟ್ಟಿದವರಿಗೆ ಕೂಡಿ ಹಂಚುವುದು ಅಸಾಧ್ಯವೇ? ಮುಂದಿನ ಗ್ರಾಮಸಭೆಗೆ ಹೋಗುವಾಗ ನಿಮ್ಮ ಉತಾರದ ಜೊತೆಗೆ, ನಿಮ್ಮ ಹೊಲದಲ್ಲಿ ದುಡಿದವರ ಹೆಸರು ಬರೆದ ಹಾಳೆಯನ್ನೂ ಒಯ್ಯಿರಿ. ನಿಮ್ಮದಕ್ಕಿಂತ ಮೊದಲು ಅದನ್ನು ಕೊಡಿರಿ.