ಎಲ್ಲರಿಗೂ ಹೊಂದುವ ಗುಣವರ್ಣನೆ

ಅಂತರ್ದೃಷ್ಟಿಯಿಂದ ಪರರ ಮನಸ್ಸನ್ನು ಓದಬಲ್ಲೆವೆನ್ನುವವರ ಬಳಿಗೆ ಹೋಗಿ ಬಂದವರು ಬಹುತೇಕ ಒಂದೇ ಮಾತನ್ನಾಡುತ್ತಾರೆ: “ನಮ್ಮನ್ನು ಎಂದೂ ಕಂಡವರಲ್ಲ, ಆದರೂ ನಮ್ಮ ಸ್ವಭಾವವನ್ನು ಯಥಾವತ್ತಾಗಿ ಹೇಳಿದರು.” ಈ ಅನುಭವವನ್ನೇ ಪ್ರಮಾಣವೆಂದು ನಂಬಿ ಮಗಳಿಗೆ ಕೂಡಿಬಂದ ಸಂಬಂಧವನ್ನು ಮುರಿಯುವುದಕ್ಕೂ, ವೈದ್ಯರು ವಿಧಿಸಿದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದಕ್ಕೂ ವಿದ್ಯಾವಂತರೇ ಸಿದ್ಧರಾಗುತ್ತಾರೆ. ಆದುದರಿಂದ ಈ ಪ್ರಮಾಣದ ಯೋಗ್ಯತೆಯನ್ನು ಪರೀಕ್ಷಿಸಲೇಬೇಕು.

ಪರೀಕ್ಷೆ ನಡೆದು ಬಹುಕಾಲವಾಯಿತು. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ ತಮ್ಮ ತರಗತಿಯ 39 ವಿದ್ಯಾರ್ಥಿಗಳಿಂದ ವ್ಯಕ್ತಿತ್ವದ ಪ್ರಶ್ನಾವಳಿಯೊಂದಕ್ಕೆ ಉತ್ತರ ಬರೆಸಿದರು. ಒಂದು ವಾರದ ತರುವಾಯ ಅವರವರ ಹೆಸರಿದ್ದ ಗುಣವರ್ಣನೆಯ ಹಾಳೆ ಪ್ರತಿಯೊಬ್ಬರ ಕೈಸೇರಿತು. ಅದು ತಮಗೆ ಎಷ್ಟರಮಟ್ಟಿಗೆ ಹೊಂದುವುದೆಂದು 0ಯಿಂದ 5ರವರೆಗೆ ಅಂಕ ಕೊಡಬೇಕಿತ್ತು. ಸರಾಸರಿ ಬಂದದ್ದು 4.26. ಅನಂತರ ತಿಳಿದುದೇನೆಂದರೆ, ಎಲ್ಲರ ಹಾಳೆಯಲ್ಲಿಯೂ ಅವೇ 13 ವಾಕ್ಯಗಳಿದ್ದವು. ಅವುಗಳಲ್ಲಿ ಬಹುಪಾಲು ಬೀದಿಯ ಪತ್ರಿಕೆ ಅಂಗಡಿಯ ಜ್ಯೋತಿಷ್ಯ ಪುಸ್ತಕದಿಂದ ಎತ್ತಿಕೊಂಡವು!

ಯಾವ ಸರಕನ್ನಿಟ್ಟರೂ ಅದೇ ತೂಕ ತೋರಿಸುವ ತಕ್ಕಡಿಯನ್ನು ವರ್ತಕನಾದವನು ಒಂದು ದಿನವೂ ಅಂಗಡಿಯಲ್ಲಿಡಲಾರ. ಮನಸ್ಸನ್ನು ತೂಗಿಸಿಕೊಳ್ಳುವಾಗ ಮಾತ್ರ ಅಂತಹ ತಕ್ಕಡಿಗೇ ಕೈಮುಗಿಯುತ್ತಾನೆ.

ಇದು ಹೀಗೇಕಾಗುತ್ತದೆ? ‘ಹೊರಗೆ ಧೈರ್ಯ ಕಂಡರೂ ಒಳಗೆ ಅಳುಕುಂಟು’ ಎಂಬ ಮಾತನ್ನು ಅಲ್ಲಗಳೆಯಬಲ್ಲ ಮನುಷ್ಯನಿಲ್ಲ. ‘ಪಟ್ಟ ಶ್ರಮಕ್ಕೆ ಮನೆಯವರಿಂದ ತಕ್ಕ ಮನ್ನಣೆ ದೊರೆಯಲಿಲ್ಲ’ ಎಂದು ಅಣ್ಣನಿಗೆ ಹೇಳಿದರೆ ಅವನಿಗೆ ತಮ್ಮನ ನೆನಪಾಗುತ್ತದೆ. ತಮ್ಮನಿಗೆ ಹೇಳಿದರೆ ಅಣ್ಣನ ನೆನಪು. ಹೇಳಿದವನು ಕೊಟ್ಟದ್ದು ಬರಿಯ ಪಾತ್ರೆ. ಅದನ್ನು ತುಂಬಿದ್ದು ಕೇಳಿದವನ ಸ್ವಂತ ಉಗ್ರಾಣ. ಹೊಗಳಿಕೆಯೂ ಹದವಾಗಿ ಬೆರೆತಿರುತ್ತದೆ. ಎದುರಿಗೆ ಕುಳಿತಿದ್ದರಂತೂ ಮುಖಭಾವವನ್ನು ನೋಡುತ್ತ ಮಾತನ್ನು ತಿದ್ದಿಕೊಳ್ಳುವ ಅನುಕೂಲವೂ ಉಂಟು. 1956ರಲ್ಲಿ ಪಾಲ್ ಮೀಲ್ ಎಂಬ ಮನಶ್ಶಾಸ್ತ್ರಜ್ಞರು ಈ ಪರಿಣಾಮಕ್ಕೆ ಸರ್ಕಸ್ಸಿನ ಬಾರ್ನಮ್ ಎಂಬಾತನ ಹೆಸರನ್ನಿಟ್ಟರು. ತಕ್ಕ ಹೆಸರೇ.

“ಮನಸ್ಸಿಗೆ ಸಮಾಧಾನವಾದರೆ ಹಾನಿಯೇನು?” ಎಂದು ಕೆಲವರು ವಾದಿಸುವರು. ಹಾನಿ ಗುಣವರ್ಣನೆಯಲ್ಲಿಲ್ಲ, ಅದು ಕೇವಲ ಮುಂಗಡ. ಮೊದಲ ಅರ್ಧ ಗಂಟೆಯಲ್ಲಿ ಗಳಿಸಿದ ನಂಬಿಕೆಯನ್ನು ಆತನು ಆಮೇಲೆ ವೆಚ್ಚಮಾಡುವುದು ‘ಈ ವರ ಬೇಡ’, ‘ಆ ಪಾಲುದಾರ ವಂಚಕ’ ಎಂಬ ನಿಶ್ಚಿತ ಮಾತುಗಳಿಗೆ. ನಿಂದೆಗೊಳಗಾದ ಆ ಮೂರನೆಯವನು ಅಲ್ಲಿ ಇರುವುದೂ ಇಲ್ಲ, ಉತ್ತರ ಕೊಡುವುದೂ ಇಲ್ಲ.

ಮನೋಗತ ಓದುವವರು ಹಾಗಿರಬಹುದು, ಜನ್ಮಕಾಲವನ್ನು ಲೆಕ್ಕಹಾಕಿ ಬರೆದ ಜಾತಕ ಬೇರೆ ಎನ್ನುವವರೂ ಇದ್ದಾರೆ. 1968ರಲ್ಲಿ ಫ್ರಾನ್ಸಿನ ಮಿಶೆಲ್ ಗೋಕ್ಲ್ಯಾ ಎಂಬವರು ಉಚಿತ ಜಾತಕದ ಜಾಹೀರಾತು ಕೊಟ್ಟು, ಬರೆದು ಕೇಳಿದ 150 ಮಂದಿಗೆ ಒಂದೇ ಜಾತಕಫಲವನ್ನು ಕಳುಹಿಸಿದರು. ಅದು ತಮ್ಮ ಸ್ವಭಾವವೇ ಎಂದು 100ಕ್ಕೆ 94 ಮಂದಿ ಒಪ್ಪಿದರು. ಮನೆಯವರೂ ಹಾಗೆಯೇ ಹೇಳುತ್ತಾರೆಂದು ಬಹುಮಂದಿ ತಿಳಿಸಿದರು. ಆ ಜಾತಕ ಮಾರ್ಸೆಲ್ ಪೆಟಿಯೋ ಎಂಬ ವೈದ್ಯನದು. ಇಪ್ಪತ್ತಕ್ಕೂ ಹೆಚ್ಚು ಕೊಲೆಗಳ ಅಪರಾಧಕ್ಕಾಗಿ 1946ರಲ್ಲಿ ಪ್ಯಾರಿಸ್ಸಿನಲ್ಲಿ ಅವನ ಶಿರಚ್ಛೇದವಾಗಿತ್ತು.